ಜಾಂಬೇಸಿ ನದಿಯಲ್ಲಿ ಲಿವಿಂಗ್‌ಸ್ಟನ್

ಸ್ಕಾಟ್ಲೆಂಡಿನ ಬ್ಲಾಂಟೈರಿನಲ್ಲಿ 1813ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಹತ್ತು ವರುಷದವರಾಗಿರುವಾಗಲೇ ಹತ್ತಿಯ ಗಿರಣಿಯ ಕೂಲಿಗೆ ಸೇರಿದ ಡೇವಿಡ್ ಲಿವಿಂಗ್‌ಸ್ಟನ್ನರು, ವೈದ್ಯರೂ ಮಿಶನೆರಿಯೂ ಆಗಿ ಆಫ್ರಿಕಾ ಖಂಡವನ್ನು ದಾಟಿದ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಅವರು ಸೋತ ಸಂಗತಿಯನ್ನು ಹೇಳುವವರು ಕಡಿಮೆ. ನಾವು ಅದನ್ನೇ ಇಲ್ಲಿ ಬರೆಯುತ್ತೇವೆ.

ಜಾಂಬೇಸಿ ನದಿಯು ಒಳನಾಡಿನ ತನಕ ಹಡಗು ಹೋಗತಕ್ಕ ದಾರಿಯೆಂದೂ, ಆ ದಾರಿಯಾಗಿ ನ್ಯಾಯವಾದ ವ್ಯಾಪಾರವು ಬಂದರೆ ಗುಲಾಮರ ವ್ಯಾಪಾರವು ನಿಲ್ಲುವದೆಂದೂ ಅವರು ನಂಬಿದ್ದರು. 1858ರಲ್ಲಿ ಮಾ ರಾಬರ್ಟ್ ಎಂಬ ಉಗಿಹಡಗಿನಲ್ಲಿ ಹೊರಟರು. ಅದರ ತಗಡು ಬಹಳ ತೆಳ್ಳಗೆ. ಒಲೆಗೆ ಎಷ್ಟು ಕಟ್ಟಿಗೆ ಹಾಕಿದರೂ ಸಾಲದು. ಆ ವರುಷದ ನವೆಂಬರಿನಲ್ಲಿ ಕೆಬ್ರಬಾಸ ಎಂಬಲ್ಲಿ ನದಿಯು ಬಂಡೆಗಳ ನಡುವೆ ಭೋರ್ಗರೆದು ಧುಮುಕುವದನ್ನು ಕಂಡರು. 1856ರಲ್ಲಿ ಅವರು ಈ ಭಾಗವನ್ನು ಬಿಟ್ಟು ನೆಲದ ಅಡ್ಡದಾರಿಯಾಗಿ ಬಂದಿದ್ದರಿಂದ ಇದನ್ನು ನೋಡಿರಲಿಲ್ಲ. ಕಾಣದ್ದನ್ನು ಕಂಡವರಂತೆ ನಂಬಿದ ತಪ್ಪು ಅವರದೇ ಎಂದು ನಾವು ಹೇಳಬೇಕು. ನೆರೆಯ ಕಾಲದಲ್ಲಿ ಬಲವಾದ ಹಡಗು ದಾಟೀತೆಂದು ಹಟ ಹಿಡಿದರೂ ಅದು ಕೈಗೂಡಲಿಲ್ಲ.

1860ರಲ್ಲಿ ದೋಣಿಗಳಲ್ಲಿ ಅಲ್ಲಿಯೇ ಇಳಿದು ಬರುವಾಗ ಸಂಗಡಿಗರಾದ ಡಾಕ್ಟರ್ ಕರ್ಕ್ ಎಂಬವರ ದೋಣಿಯು ಬಂಡೆಗೆ ಬಡಿಯಿತು. ಅವರು ಬಂಡೆಯನ್ನು ಅಪ್ಪಿಕೊಂಡು ಪ್ರಾಣ ಉಳಿಸಿಕೊಂಡರು. ಬರೆದಿಟ್ಟ ಟಿಪ್ಪಣಿಗಳೂ ಹಣ್ಣಿನ ಮರಗಳ ಚಿತ್ರಗಳೂ ನೀರುಪಾಲಾದವು. ಡಿಸೆಂಬರಿನಲ್ಲಿ ತೂತುಬಿದ್ದ ಮಾ ರಾಬರ್ಟ್ ಮರಳದಿಣ್ಣೆಗೆ ತಾಗಿ ಮುಳುಗಿತು. 1862ರ ಏಪ್ರಿಲ್ 27ರಂದು ಪತ್ನಿಯಾದ ಮೇರಿಯಮ್ಮನವರು ಶುಪಾಂಗದಲ್ಲಿ ಜ್ವರದಿಂದ ತೀರಿಹೋದರು. ಆ ಹಡಗಿನ ಹೆಸರು ಆಕೆಯದೇ. ಹಿರಿಯ ಮಗನು ರಾಬರ್ಟನಾದದರಿಂದ ಆಫ್ರಿಕಾದ ಜನರು ಆಕೆಯನ್ನು ಹಾಗೆ ಕರೆಯುತ್ತಿದ್ದರು.

1863ರಲ್ಲಿ ಸರಕಾರದವರು ಅವರನ್ನು ಹಿಂದಕ್ಕೆ ಕರೆದರು. ಕೈಯಲ್ಲಿ ಉಳಿದದ್ದು ಲೇಡಿ ನ್ಯಾಸ ಎಂಬ ಚಿಕ್ಕ ಹಡಗೊಂದೇ. ಅದು ಗುಲಾಮರನ್ನು ಸಾಗಿಸುವವರ ಕೈಸೇರಬಾರದೆಂದು ಅಲ್ಲಿ ಮಾರಲೊಲ್ಲದೆ, 1864ರಲ್ಲಿ ಜಾಂಜಿಬಾರಿನಿಂದ ತಾವೇ ಅದನ್ನು ನಡಿಸಿಕೊಂಡು ಸಮುದ್ರ ದಾಟಿ, ಜೂನ್ ತಿಂಗಳಲ್ಲಿ ಬೊಂಬಾಯಿಗೆ ಮುಟ್ಟಿದರು.