ಗಾಲಿಕುರ್ಚಿಯ ವೈದ್ಯೆ ಡಾ. ಮೇರಿ ವರ್ಗೀಸ್

ಕೊಚ್ಚಿಯ ಪಕ್ಕದಲ್ಲಿ, ಹಿನ್ನೀರಿಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ವೈಪಿನ್ ದ್ವೀಪದಲ್ಲಿ ಚೆರಾಯಿ ಎಂಬ ಊರಿದೆ. ಡಾ. ಮೇರಿ ವರ್ಗೀಸ್ ಅವರು 1925ರಲ್ಲಿ ಆ ಊರಿನ ಅನುಕೂಲಸ್ಥ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದರು. ವೈದ್ಯೆಯಾಗಬೇಕೆಂಬ ಹಂಬಲ ಅವರನ್ನು ವೆಲ್ಲೂರಿಗೆ ಕರೆತಂದಿತು. ಐಡಾ ಸ್ಕಡರ್ ಅವರು 1918ರಲ್ಲಿ ಹೆಣ್ಣುಮಕ್ಕಳಿಗೆಂದೇ ತೆರೆದಿದ್ದ ವೈದ್ಯಕೀಯ ಶಾಲೆ ಅಷ್ಟರಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ ಬೆಳೆದಿತ್ತು. ಅಲ್ಲಿಯೇ ಪದವಿ ಪಡೆದ ಮೇರಿಯವರು ಅಲ್ಲಿಯೇ ಸ್ತ್ರೀರೋಗ ಚಿಕಿತ್ಸೆಯಲ್ಲಿ ತರಬೇತಿಗೆ ತೊಡಗಿದರು. ಮುಂದಿನ ಬದುಕಿನ ದಾರಿ ನೇರವಾಗಿಯೂ ನಿಚ್ಚಳವಾಗಿಯೂ ಕಾಣುತ್ತಿತ್ತು.

1954ರ ಜನವರಿ 30ರಂದು ಒಡನಾಡಿ ವೈದ್ಯರೊಂದಿಗೆ ಅವರು ಪ್ರಯಾಣಿಸುತ್ತಿದ್ದ ವಾಹನ ಮಗುಚಿತು. ಮುಖಕ್ಕೆ ಆಳವಾದ ಗಾಯವಾಯಿತು. ಆ ಗಾಯ ಮಾಯಿತಾದರೂ ಕೆನ್ನೆಯ ಮೇಲಿನ ಗುರುತು ಕೊನೆಯವರೆಗೂ ಉಳಿಯಿತು. ಬೆನ್ನುಹುರಿಗೆ ಬಿದ್ದ ಪೆಟ್ಟು ಮಾತ್ರ ಮಾಯುವಂಥದಾಗಿರಲಿಲ್ಲ. ಸೊಂಟದ ಕೆಳಗಿನ ದೇಹ ಚಲನೆಯನ್ನೂ ಸ್ಪರ್ಶವನ್ನೂ ಕಳೆದುಕೊಂಡಿತು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಅಂದಿನ ದಿನಗಳಲ್ಲಿ ಈ ಸ್ಥಿತಿಗೆ ಏನರ್ಥವಿತ್ತೆಂಬುದನ್ನು ತಿಳಿಯದೆ ಅವರ ಮುಂದಿನ ಸಾಧನೆಯನ್ನು ಅಳೆಯಲಾಗದು. ಬೆನ್ನುಹುರಿ ಘಾಸಿಗೊಂಡವರು ಸಾಯುತ್ತಿದ್ದುದು ಹೆಚ್ಚಾಗಿ ಆ ಗಾಯದಿಂದಲ್ಲ. ಅದರ ಹಿಂದೆಯೇ ಬರುವ ಹಾಸಿಗೆ ಹುಣ್ಣುಗಳಿಂದ, ಮೂತ್ರಕೋಶದಿಂದ ಮೂತ್ರಪಿಂಡಕ್ಕೆ ಏರುವ ಸೋಂಕಿನಿಂದ. ನೋವೇ ತಿಳಿಯದ ಚರ್ಮ ಒಂದೇ ಕಡೆ ಒತ್ತಿಕೊಂಡು ಬಿದ್ದಿದ್ದರೆ ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುವುದು, ಮೂತ್ರ ವಿಸರ್ಜನೆಯನ್ನು ಶುಚಿಯಾಗಿ ನಿರ್ವಹಿಸುವುದು, ಉಳಿದಿರುವ ಸ್ನಾಯುಗಳನ್ನು ಬಲಪಡಿಸುವುದು, ಹೀಗೆ ಮೇಲುನೋಟಕ್ಕೆ ಸಣ್ಣದೆನಿಸುವ ಕೆಲಸಗಳಿಂದಲೇ ಇಂಥವರನ್ನು ಬದುಕಿಸಬಹುದೆಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ತೋರಿಸಲಾರಂಭಿಸಿದ್ದು 1944ರಲ್ಲಿ. ಆ ಅರಿವು ನಮ್ಮ ದೇಶದ ಆಸ್ಪತ್ರೆಗಳಿಗೆ ಇನ್ನೂ ವ್ಯಾಪಕವಾಗಿ ತಲುಪಿರಲಿಲ್ಲ.

ವೆಲ್ಲೂರಿನಲ್ಲಿ ಮೇರಿಯವರ ಚಿಕಿತ್ಸೆಯ ಹೊಣೆ ಹೊತ್ತವರಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಪ್ರಮುಖರು. ಕುಷ್ಠರೋಗದಿಂದ ಮುರುಟಿದ ಕೈಗಳನ್ನು ಮತ್ತೆ ಬಿಡಿಸುವ ಶಸ್ತ್ರಕ್ರಿಯೆಯಿಂದ ಅವರು ಹೆಸರಾಗಿದ್ದರು. ಕುಷ್ಠದಲ್ಲಿ ನರ ಕೆಟ್ಟಾಗ ಬೆರಳುಗಳು ಉಗುರುಪಂಜದಂತೆ ಬಾಗಿ ನಿಲ್ಲುತ್ತವೆ. ಶಕ್ತಿ ಉಳಿದಿರುವ ಬೇರೊಂದು ಸ್ನಾಯುವಿನ ರಜ್ಜುವನ್ನು ಆ ಬೆರಳುಗಳಿಗೆ ಜೋಡಿಸಿದರೆ ಕೈ ಮತ್ತೆ ಹಿಡಿಯಬಲ್ಲದು, ಬಿಡಬಲ್ಲದು. ಈ ಶಸ್ತ್ರಕ್ರಿಯೆಗೆ ಒಂದು ಅನುಕೂಲವಿತ್ತು. ರೋಗಿಯ ಕೈಯನ್ನು ಮೇಜಿನ ಮೇಲೆ ಚಾಚಿಸಿ, ವೈದ್ಯರು ಕುಳಿತೇ ಇದನ್ನು ನಡೆಸಬಹುದಿತ್ತು. ಕಾಲುಗಳ ಬಲವನ್ನು ಬೇಡದ ಶಸ್ತ್ರವಿದ್ಯೆ ಇದೆಂಬುದನ್ನು ಬ್ರಾಂಡ್ ಮನಗಂಡರು, ಮೇರಿಯವರಿಗೂ ಮನಗಾಣಿಸಿದರು. ತಿಂಗಳುಗಟ್ಟಲೆ ಮಲಗಿಯೇ ಇದ್ದವರು ಗಾಲಿಕುರ್ಚಿಯಲ್ಲಿ ಶಸ್ತ್ರಕ್ರಿಯಾ ಕೊಠಡಿಯನ್ನು ಪ್ರವೇಶಿಸಿದರು. ಪ್ರಸೂತಿ ವಿಭಾಗಕ್ಕೆ ಹೊರಟಿದ್ದ ಕೈಗಳು ಕುಷ್ಠರೋಗಿಗಳ ಬೆರಳುಗಳನ್ನು ನೇರಮಾಡತೊಡಗಿದವು.

ಅವರ ಬದುಕಿನ ಈ ಭಾಗವೇ ಹೆಚ್ಚು ಪ್ರಸಿದ್ಧ. ಡೊರೊಥಿ ಕ್ಲಾರ್ಕ್ ವಿಲ್ಸನ್ ಇಂಗ್ಲಿಷಿನಲ್ಲಿ ಬರೆದ 'ಟೇಕ್ ಮೈ ಹ್ಯಾಂಡ್ಸ್' ಎಂಬ ಜೀವನಚರಿತ್ರೆ 1963ರಲ್ಲಿ ಹೊರಬಂದು ಮೇರಿಯವರನ್ನು ದೂರದೇಶದ ಓದುಗರಿಗೂ ಪರಿಚಯಿಸಿತು. ಆದರೆ ಅವರ ಅತಿ ಮುಖ್ಯವಾದ ಕೆಲಸ ರೂಪು ತಳೆದದ್ದು ಆ ಪುಸ್ತಕ ಅಚ್ಚಾದ ಮೇಲೆ. ಎದೆಗುಂದದ ಒಬ್ಬ ತರುಣಿಯ ಕಥೆಯನ್ನು ಲೋಕ ಬಲ್ಲಷ್ಟು, ಆಕೆ ಕಟ್ಟಿದ ವ್ಯವಸ್ಥೆಯನ್ನು ಬಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಕೈ ನೇರವಾದರೆ ಬದುಕು ನೇರವಾಗುವುದಿಲ್ಲವೆಂಬ ಪಾಠ ವೆಲ್ಲೂರಿನಲ್ಲಿ ಆಗಲೇ ಅನುಭವಕ್ಕೆ ಬಂದಿತ್ತು. ಭಿಕ್ಷೆ ಬೇಡಿ ಬದುಕುತ್ತಿದ್ದವರ ಕೈಯನ್ನು ಸರಿಪಡಿಸಿ ಕಳುಹಿಸಿದರೆ, ಸರಿಯಾದ ಕೈಗೆ ಯಾರೂ ಕಾಸು ಹಾಕುವುದಿಲ್ಲವೆಂದು ಅವರು ನೊಂದು ಮರಳುತ್ತಿದ್ದರು. ಕುಷ್ಠದ ಕಳಂಕ ಹೊತ್ತವರಿಗೆ ಕೆಲಸ ಕೊಡುವವರೂ ಇರಲಿಲ್ಲ. ಆದ್ದರಿಂದಲೇ ಬ್ರಾಂಡ್ ಅವರು ಶಸ್ತ್ರಕ್ರಿಯೆಯ ಜೊತೆಗೆ ಮರಗೆಲಸವನ್ನು ಕಲಿಸುವ ಪುಟ್ಟ ಕೇಂದ್ರವೊಂದನ್ನೂ ನಡೆಸಬೇಕಾಯಿತು. ಕುಷ್ಠರೋಗಿಗಳಿಗೆ ಈ ಏರ್ಪಾಡಾದರೂ ಇತ್ತು. ಪೋಲಿಯೋದಿಂದ ಕಾಲು ಸೊರಗಿದ ಮಕ್ಕಳು, ಕಾಲು ಕಳೆದುಕೊಂಡ ಕೂಲಿಗಳು, ತೆಂಗಿನಮರದಿಂದಲೋ ತಾಳೆಮರದಿಂದಲೋ ಬಿದ್ದು ಬೆನ್ನು ಮುರಿದುಕೊಂಡವರು, ಇವರಿಗೆ ಗಾಯ ಮಾಗಿದ ದಿನವೇ ಆಸ್ಪತ್ರೆಯ ನಂಟು ಹರಿಯುತ್ತಿತ್ತು. ಮೇರಿಯವರು ಸ್ವತಃ ಅಂಥದೇ ಗಾಯ ಹೊತ್ತವರು. ವೈದ್ಯೆಯಾಗಿದ್ದುದರಿಂದ, ಸಹೋದ್ಯೋಗಿಗಳ ನಡುವೆಯೇ ಇದ್ದುದರಿಂದ ತಮಗೆ ದೊರೆತದ್ದು ಬೇರೆಯವರಿಗೆ ದೊರೆಯುತ್ತಿಲ್ಲವೆಂಬುದನ್ನು ಅವರಷ್ಟು ಹತ್ತಿರದಿಂದ ಕಾಣಬಲ್ಲವರು ವಿರಳ.

ಮೊದಲು ಅವರು ಆಸ್ಟ್ರೇಲಿಯದ ಪರ್ತ್ ನಗರಕ್ಕೆ ತೆರಳಿ ಪುನರ್ವಸತಿ ತರಬೇತಿ ಪಡೆದರು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ವಾಹನಕ್ಕೆ ಪರರ ನೆರವಿಲ್ಲದೆ ಸಾಗುವ ವಿದ್ಯೆ ಅದು. ಬಳಿಕ ನ್ಯೂಯಾರ್ಕಿನಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಸಂಸ್ಥೆಯನ್ನು ಸೇರಿ, ರೋಗಿಯಾಗಿಯಲ್ಲ, ವೈದ್ಯೆಯಾಗಿ, ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಶಾಸ್ತ್ರವನ್ನು ಅಧ್ಯಯನ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷೆಯಿಂದ ಬೆಳೆದುಬಂದ ಶಾಸ್ತ್ರವದು. ರೋಗ ನಿವಾರಣೆ, ಶಸ್ತ್ರಕ್ರಿಯೆಗಳಾಚೆ ವೈದ್ಯಕ್ಕೆ ಮೂರನೆಯ ಹಂತವೊಂದುಂಟು, ಉಳಿದ ಸಾಮರ್ಥ್ಯವನ್ನು ದುಡಿಮೆಗೆ ಹಚ್ಚುವುದೇ ಆ ಹಂತ ಎಂಬುದು ರಸ್ಕ್ ಅವರ ನಿಲುವಾಗಿತ್ತು. ಅಮೆರಿಕದಲ್ಲಿ ಗಾಲಿಕುರ್ಚಿಗೆ ಇಳಿಜಾರು ದಾರಿ, ಲಿಫ್ಟು, ಗಾಲಿಕುರ್ಚಿಯವರೇ ಓಡಿಸಬಲ್ಲ ಕಾರು ಎಲ್ಲವೂ ಇದ್ದವು. ಅಲ್ಲಿಯೇ ನೆಲೆಸಿದ್ದರೆ ಅವರ ವೈಯಕ್ತಿಕ ಬದುಕು ಎಷ್ಟೋ ಸುಗಮವಾಗುತ್ತಿತ್ತು. ಅವರು ವೆಲ್ಲೂರಿಗೆ ಮರಳಿ ಹೊಸ ವಿಭಾಗದ ಮುಖ್ಯಸ್ಥೆಯಾದರು. ಕೈಯ ಶಸ್ತ್ರವೈದ್ಯೆಯಾಗಿ ಗಳಿಸಿದ್ದ ಮನ್ನಣೆಯನ್ನು ಬದಿಗಿಟ್ಟು, ನಮ್ಮಲ್ಲಿ ಆಗ ಹೆಸರೂ ಸರಿಯಾಗಿ ತಿಳಿಯದಿದ್ದ ಶಾಖೆಯೊಂದನ್ನು ಕೈಗೆತ್ತಿಕೊಂಡದ್ದು ಸಾಮಾನ್ಯ ನಿರ್ಧಾರವಲ್ಲ.

1966ರಲ್ಲಿ ವೆಲ್ಲೂರು ಪೇಟೆಯ ಆಚೆ ಬಾಗಾಯಂನಲ್ಲಿ, ಕಾಲೇಜಿನ ಆವರಣದ ಬಳಿ, ಪುನರ್ವಸತಿ ಸಂಸ್ಥೆಯ ಬಾಗಿಲು ತೆರೆಯಿತು. ರೋಗಿಗಳು ಅಲ್ಲಿಯೇ ತಂಗಿ ತರಬೇತಿ ಪಡೆಯಬಹುದಾದ ಇಂಥ ಕೇಂದ್ರಗಳಲ್ಲಿ ದೇಶದ ಮೊದಲಿನವುಗಳ ಸಾಲಿಗೆ ಇದು ಸೇರುತ್ತದೆ. ಪಾಶ್ಚಾತ್ಯ ಮಾದರಿಯನ್ನು ಇದ್ದಂತೆಯೇ ತಂದು ನಿಲ್ಲಿಸಿದ್ದರೆ ಅದು ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಇಲ್ಲಿಂದ ಮರಳುವ ರೋಗಿ ಹೋಗುವುದು ಮಣ್ಣಿನ ನೆಲದ ಮನೆಗೆ. ಅಲ್ಲಿ ಹೊಸ್ತಿಲು ಎತ್ತರ, ಬಾಗಿಲು ಕಿರಿದು, ಊಟ ನೆಲದ ಮೇಲೆ, ಬಹಿರ್ದೆಸೆಗೆ ಬಯಲು. ವಿದೇಶದ ಗಾಲಿಕುರ್ಚಿಯ ತಿರುಪು ಸಡಿಲವಾದರೆ ಬಿಗಿಯುವವರು ಹಳ್ಳಿಯಲ್ಲಿಲ್ಲ. ಕಾಲಿನ ಕ್ಯಾಲಿಪರ್‌ಗಳನ್ನೂ ಕೃತಕ ಕಾಲುಗಳನ್ನೂ ಸಂಸ್ಥೆಯ ಕಾರ್ಯಾಗಾರದಲ್ಲಿಯೇ ತಯಾರಿಸಿ, ಅಲ್ಲಿಯೇ ದುರಸ್ತಿ ಮಾಡುವುದರ ಬೆಲೆ ಇಂಥಲ್ಲಿ ತಿಳಿಯುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದು ವಾಡಿಕೆ. ಪಶ್ಚಿಮದ ಆಸ್ಪತ್ರೆಗೆ ತೊಡಕೆನಿಸಬಹುದಾದ ಈ ವಾಡಿಕೆಯೇ ಇಲ್ಲಿ ಬಲವಾಯಿತು. ಮಗ್ಗುಲು ಬದಲಿಸುವುದನ್ನು, ಹುಣ್ಣಿನ ಮೊದಲ ಕೆಂಪನ್ನು ಗುರುತಿಸುವುದನ್ನು ತಾಯಿಗೋ ಹೆಂಡತಿಗೋ ಅಣ್ಣನಿಗೋ ಕಲಿಸಿದರೆ ಆ ವಿದ್ಯೆ ರೋಗಿಯೊಡನೆ ಮನೆಗೇ ಹೋಗುತ್ತದೆ. ಜೊತೆಗೆ ಕುಳಿತು ಮಾಡಬಹುದಾದ ಕಸುಬೂ ಬೇಕು.

ಅಲ್ಲಿಗೆ ಬರುತ್ತಿದ್ದ ಹೊಸ ರೋಗಿಗೆ ಬದುಕು ಮುಗಿಯಿತೆಂಬ ಭಾವನೆ ಸಹಜ. ಅವನ ಹಾಸಿಗೆಯ ಬಳಿ ಬಂದು ಪರೀಕ್ಷಿಸುವ ವೈದ್ಯೆ ತಾವೂ ಗಾಲಿಕುರ್ಚಿಯಲ್ಲಿಯೇ ಬರುತ್ತಿದ್ದರು. ಯಾವ ಉಪದೇಶಕ್ಕೂ ಇಲ್ಲದ ಶಕ್ತಿ ಆ ನೋಟಕ್ಕಿತ್ತು. ಆದರೆ ಅವರು ಅದನ್ನಷ್ಟೇ ನೆಚ್ಚಿ ಕೂರಲಿಲ್ಲ. ಒಬ್ಬರ ಮಾದರಿಯನ್ನು ನೆಚ್ಚಿದ ಸೇವೆ ಆ ಒಬ್ಬರೊಂದಿಗೇ ನಿಂತುಹೋಗುತ್ತದೆ. ಅವರು ವೈದ್ಯಕೀಯ ಕಾಲೇಜಿನೊಳಗೇ ವಿಭಾಗವನ್ನು ಬೇರೂರಿಸಿದ್ದರಿಂದ, ಅವರ ನಂತರವೂ ಹೊಸ ವೈದ್ಯರು ಆ ಶಾಸ್ತ್ರವನ್ನು ಅಲ್ಲಿಯೇ ಕಲಿತು ಹೊರಬರುವಂತಾಯಿತು.

1972ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಮೂವತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಗಾಲಿಕುರ್ಚಿಯ ಬದುಕು ನಡೆಸಿ 1986ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಹೆಸರು ಹೊತ್ತ ಟ್ರಸ್ಟ್ ವೆಲ್ಲೂರಿನಲ್ಲಿ ಅಂಗವೈಕಲ್ಯವುಳ್ಳವರಿಗೆ ಕಸುಬು ಕಲಿಸುವ ಕೆಲಸ ನಡೆಸಿಕೊಂಡು ಬಂದಿದೆ. ಬಾಗಾಯಂನ ಸಂಸ್ಥೆಯಲ್ಲಿ ಬೆನ್ನುಹುರಿ ಘಾಸಿಗೊಂಡವರೂ ಅವರ ಮನೆಯವರೂ ಇಂದಿಗೂ ಜೊತೆಯಾಗಿ ತಂಗಿ ತರಬೇತಿ ಪಡೆಯುತ್ತಾರೆ.