ಗಂಗಾಮೂಲದ ರಮಾಬಾಯಿ

ಶನಿವಾರ ಬಂತು ಅಂದ್ರೆ ಮಣಿಪಾಲದಿಂದ ನಮ್ಮ ಬೈಕುಗಳೆಲ್ಲ ಕಾಪು ಲೈಟ್‌ಹೌಸ್ ಕಡೆಗೇ ತಿರುಗ್ತವೆ. ಒಂದು ಸಲ ಕಾರ್ಕಳದ ಕಡೆ ತಿರುಗಿಸಿ ನೋಡಿ. ಕಾರ್ಕಳ, ಬಜಗೋಳಿ ದಾಟಿ ಘಟ್ಟದ ಬುಡಕ್ಕೆ ಹೋದ್ರೆ ಮಾಳ ಅಂತ ಊರು ಸಿಗ್ತದೆ. ಪಂಡಿತಾ ರಮಾಬಾಯಿಯ ತಂದೆಯ ಊರು ಅದು. ಸ್ಕೂಲ್ ಪುಸ್ತಕದಲ್ಲಿ ಸಮಾಜ ಸುಧಾರಕರ ಪಟ್ಟಿಯಲ್ಲಿ ಈ ಹೆಸರನ್ನು ಓದಿದವರು ಬಹಳ ಜನ. ಆದರೆ ಇವರು ನಮ್ಮ ಪಕ್ಕದವರು ಅಂತ ಎಷ್ಟು ಜನರಿಗೆ ಗೊತ್ತುಂಟು?

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು, ಪುಣೆಯಲ್ಲಿ ಓದಿದ ಸಂಸ್ಕೃತ ವಿದ್ವಾಂಸರು. ಅಲ್ಲಿ ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಹೇಳಿಕೊಡುವುದನ್ನು ನೋಡಿ, ತಾನೂ ಹೆಂಡತಿಗೆ ಕಲಿಸಬೇಕು ಅಂತ ಅವರಿಗೆ ಆಸೆಯಾಯಿತು. ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಲು ಶುರುಮಾಡಿದಾಗ ಸುತ್ತಲಿನವರು ಸುಮ್ಮನಿರಲಿಲ್ಲ. ಶಾಸ್ತ್ರಿಗಳು ಉಡುಪಿಗೆ ಹೋಗಿ ವಿದ್ವಾಂಸರ ಸಭೆಯ ಎದುರು ನಿಂತು, ಹೆಂಗಸರು ಸಂಸ್ಕೃತ ಕಲಿಯುವುದಕ್ಕೆ ಅಡ್ಡಿಯಿಲ್ಲ ಎಂದು ಶಾಸ್ತ್ರಗ್ರಂಥಗಳಿಂದಲೇ ವಾದಿಸಬೇಕಾಯಿತು. ಆಮೇಲೆ ಘಟ್ಟದ ಮೇಲೆ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿಯೇ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು.

ಬಂದವರಿಗೆಲ್ಲ ಊಟ ಹಾಕಿ ಹಾಕಿ ಶಾಸ್ತ್ರಿಗಳ ಮೇಲೆ ಸಾಲ ಬಿತ್ತು. ಮಗುವಿಗೆ ಆರು ತಿಂಗಳಾಗುವಾಗ ಮನೆ ಬಿಟ್ಟರು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಮಗುವನ್ನು ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ತೀರ್ಥದಿಂದ ತೀರ್ಥಕ್ಕೆ ಬರೀ ನಡಿಗೆ, ಪುರಾಣ ಹೇಳಿ ಬಂದ ದಕ್ಷಿಣೆಯಲ್ಲಿ ಜೀವನ. ತಾಯಿಯೇ ಮಗಳಿಗೆ ಪಾಠ ಹೇಳಿದರು. ಭಾಗವತದ ಸಾವಿರಾರು ಶ್ಲೋಕಗಳು ಹುಡುಗಿಗೆ ಬಾಯಿಪಾಠವಾದವು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದದ್ದು ಅಣ್ಣ ಶ್ರೀನಿವಾಸ ಮಾತ್ರ. ಇಬ್ಬರೂ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿಯ ಜೊತೆ ಮದುವೆ, 1881ರಲ್ಲಿ ಮಗಳು ಮನೋರಮಾ, 1882ರ ಫೆಬ್ರವರಿಯಲ್ಲಿ ಕಾಲರಾದಿಂದ ಗಂಡನ ಸಾವು. 23 ವರ್ಷದ ವಿಧವೆ, ಕೈಯಲ್ಲಿ ಎಳೆಯ ಮಗು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ನಮ್ಮ ಹೆಂಗಸರಿಗೆ ಲೇಡಿ ಡಾಕ್ಟರ್ ಬೇಕು, ತಾನೇ ಆಗ್ತೇನೆ ಅಂತ ನಿರ್ಧರಿಸಿದರು. ತಾನು ಬರೆದ ಪುಸ್ತಕ ಮಾರಿ ಬಂದ ದುಡ್ಡು ಟಿಕೆಟಿಗೆ ಹಾಕಿ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು.

ಹುಟ್ಟಿದ ಆರನೇ ತಿಂಗಳಿನಿಂದ ನಿಲ್ಲದೆ ಓಡುತ್ತಿದ್ದ ಜೀವನ ಅಲ್ಲಿ ಗಕ್ಕನೆ ನಿಂತಿತು. ಕಿವಿ ಮಂದವಾಗಿತ್ತು, ಇನ್ನೂ ಮಂದವಾಗ್ತಾ ಇತ್ತು. ಈ ಕಿವಿ ಇಟ್ಟುಕೊಂಡು ಮೆಡಿಕಲ್ ಓದಲು ಆಗುವುದಿಲ್ಲ ಅಂತಾಯಿತು. ಬಂದ ಉದ್ದೇಶವೇ ಇಲ್ಲದಾಯಿತು. ಜೊತೆಗೆ ಬಂದಿದ್ದ ಗೆಳತಿಯೂ ಅಲ್ಲಿಯೇ ತೀರಿಕೊಂಡಳು. ಒಂದು ಸಬ್ಜೆಕ್ಟ್ ಹೋದ್ರೆ ನಮಗೆ ಸಪ್ಲಿಮೆಂಟರಿ ಉಂಟು. ಆಕೆಗೆ ಅಂಥದ್ದೇನೂ ಇರಲಿಲ್ಲ.

ಆಗ ರಮಾಬಾಯಿ ಇದ್ದದ್ದು ವಾಂಟೇಜ್ ಎಂಬ ಊರಿನಲ್ಲಿ, ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ. ಸ್ವಲ್ಪ ಬದಲಾವಣೆ ಇರಲಿ ಎಂದು ಅವರು ಆಕೆಯನ್ನು ಲಂಡನ್ನಿನ ಫುಲ್ಹಾಮ್‌ನಲ್ಲಿದ್ದ ತಮ್ಮ ಇನ್ನೊಂದು ಮನೆಗೆ ಕಳಿಸಿದರು. ಸಮಾಜ ಕೆಟ್ಟವರೆಂದು ದೂರವಿಟ್ಟ ಹೆಂಗಸರನ್ನು ಅಲ್ಲಿ ಸಾಕಿ ಸಲಹುತ್ತಿದ್ದರು. ರಮಾಬಾಯಿ ಹಾಗೆ ಎಲ್ಲಿಯೂ ಕಂಡಿರಲಿಲ್ಲ. ಇವರಿಗೆ ಯಾಕೆ ಇಷ್ಟು ಪ್ರೀತಿ ತೋರಿಸ್ತೀರಿ ಅಂತ ಕೇಳಿದಾಗ, ಒಬ್ಬ ಸನ್ಯಾಸಿನಿ ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಹೆಂಗಸಿನ ಕತೆ ಓದಿ ಹೇಳಿದರು. ಬಾವಿಯ ಹತ್ತಿರ ಯೇಸು ಎಲ್ಲರೂ ದೂರವಿಟ್ಟವಳ ಜೊತೆ ಕೂತು ಮಾತಾಡಿದ ಕತೆ. ಗಂಡ ಸತ್ತವಳು ಪಾಪಿ ಅನ್ನುವ ಮಾತನ್ನು ಕೇಳಿ ಬಂದವರಿಗೆ ಅದು ನಾಟಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಹಾಗಂತ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಲ್ಲ ರಮಾಬಾಯಿ. ತ್ರಿತ್ವದ ತತ್ತ್ವದ ಮೇಲೆ ಸನ್ಯಾಸಿನಿಯರ ಜೊತೆ ಪತ್ರದಲ್ಲಿ ಜಗಳ ಆಡಿದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ. ಚೆಲ್ಟನ್‌ಹ್ಯಾಮ್‌ನ ಲೇಡೀಸ್ ಕಾಲೇಜಿನಲ್ಲಿ ತಾನು ಓದುತ್ತಾ, ಸಂಸ್ಕೃತ ಕಲಿಸುತ್ತಾ ಇದ್ದರು. ಅಮೆರಿಕಕ್ಕೆ ಹೋಗಿ ಹಣ ಕೂಡಿಸಿ, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು.

ಇನ್ನೊಂದು ತಿರುವು ಬಂದದ್ದು ದೀಕ್ಷೆಯಾಗಿ ಎಂಟು ವರ್ಷದ ಮೇಲೆ. ತಾನು ಕ್ರೈಸ್ತ ಧರ್ಮವನ್ನು ಬುದ್ಧಿಯಿಂದ ಒಪ್ಪಿದ್ದೇನೆ, ಕ್ರಿಸ್ತನನ್ನು ಇನ್ನೂ ಕಂಡಿಲ್ಲ ಅಂತ ಅವರಿಗೇ ಅನ್ನಿಸಿತು. ಥಿಯರಿ ಗೊತ್ತುಂಟು, ಒಳಗೆ ಇಳಿದಿಲ್ಲ ಅನ್ನುವ ಹಾಗೆ. ಅದನ್ನು ಒಪ್ಪಿಕೊಂಡಲ್ಲಿಂದ ಮನಸ್ಸಿಗೆ ನೆಮ್ಮದಿ ಸಿಕ್ಕಿತು ಅಂತ ಅವರೇ ಆಮೇಲೆ ಬರೆದಿದ್ದಾರೆ.

ಆದರೆ ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸದನದ ಹುಡುಗಿಯರು ಆಕೆಯ ಪ್ರಾರ್ಥನೆಗೆ ಬಂದು ಕೂರುತ್ತಾರೆ ಎಂದು 1893ರಲ್ಲಿ ಪುಣೆಯಲ್ಲಿ ಗಲಾಟೆ ಎದ್ದಿತು. ಮತಾಂತರ ಮಾಡ್ತಾರೆ ಎಂಬುದು ವಿರೋಧಿಗಳ ಆರೋಪ, ಯಾರನ್ನೂ ಒತ್ತಾಯಿಸಿಲ್ಲ ಎಂಬುದು ಆಕೆಯ ಉತ್ತರ. ರಾನಡೆ, ಭಂಡಾರ್ಕರ್ ಅಂಥ ದೊಡ್ಡವರು ಸಲಹಾ ಸಮಿತಿ ಬಿಟ್ಟರು, ಹಲವು ಮನೆಯವರು ಹುಡುಗಿಯರನ್ನು ಕರೆದುಕೊಂಡು ಹೋದರು. ಇವತ್ತಿಗೂ ಈ ವಿಷಯದಲ್ಲಿ ಎರಡು ಅಭಿಪ್ರಾಯ ಉಂಟು. ಆದರೆ 1896-97ರ ಬರದಲ್ಲಿ ಹಸಿದ ನೂರಾರು ಹುಡುಗಿಯರನ್ನು ಹುಡುಕಿ ತಂದು ಕೇಡಗಾಂವ್‌ನ ಮುಕ್ತಿಯಲ್ಲಿ ಇಟ್ಟುಕೊಂಡದ್ದು ಮಾತ್ರ ಎರಡು ಮಾತಿಲ್ಲದ ಸತ್ಯ. ಬರದಲ್ಲಿ ತಾಯಿಯನ್ನು ಕಳೆದುಕೊಂಡವರಿಗೆ ಹಸಿವು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಕ್ತಿಯಲ್ಲಿ ಹೆಂಗಸರು ಮಗ್ಗ ನಡೆಸಿದರು, ಎಣ್ಣೆ ತೆಗೆದರು, ಪ್ರಿಂಟಿಂಗ್ ಪ್ರೆಸ್ಸನ್ನೂ ನಡೆಸಿದರು. ಕಿವಿ ಕೇಳದಾಗುತ್ತಾ ಹೋದ ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. ಮೊಳೆ ಜೋಡಿಸಿ ಅಚ್ಚು ಹಾಕಿದ್ದು ಅದೇ ಹುಡುಗಿಯರು. 1912ರಲ್ಲಿ ಗುಲ್ಬರ್ಗದಲ್ಲಿಯೂ ಒಂದು ಶಾಲೆ ತೆರೆದರು, ಮನೋರಮಾ ಅದನ್ನು ನೋಡಿಕೊಂಡಳು. 1921ರಲ್ಲಿ ಮಗಳು ಹೋದಳು. 1922ರ ಏಪ್ರಿಲ್ 5ರಂದು ತಾಯಿ.

ನಿಂತದ್ದೆಲ್ಲ ಒಳ್ಳೆಯದಕ್ಕೇ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಕಿವಿ ಕೇಳಿದ್ದರೆ ಅವರು ಒಳ್ಳೆಯ ಡಾಕ್ಟರೂ ಆಗುತ್ತಿದ್ದರು. ಆದರೆ ಓಟ ನಿಂತ ಜಾಗದಲ್ಲಿ ಅವರು ಬರೀ ಅಳುತ್ತಾ ಕೂರಲಿಲ್ಲ, ಸುತ್ತ ಏನಾಗ್ತಾ ಉಂಟು ಅಂತ ನೋಡಿದರು, ಯಾಕೆ ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದ ಆಕೆಗೆ ದೇವರೂ ಸಿಕ್ಕಿದ, ಕೆಲಸವೂ ಸಿಕ್ಕಿತು. ಮುಂದಿನ ಸಲ ಮಾಳದ ಕಡೆ ಹೋದ್ರೆ ಘಟ್ಟದ ಮೇಲೊಮ್ಮೆ ಕಣ್ಣು ಹಾಯಿಸಿ. ಬೆತ್ತದ ಪೆಟ್ಟಿಗೆಯಲ್ಲಿ ಆ ಮಗು ಇಳಿದು ಬಂದದ್ದು ಅಲ್ಲಿಂದಲೇ.