ಕೃತಿಯಲ್ಲಿ ಕಾಣುವ ಕರ್ತೃ: ಡಿ. ವಿ. ಗುಂಡಪ್ಪನವರು

ಕವಿಯು ತನ್ನನ್ನು ಮರೆಮಾಡಿಕೊಳ್ಳಲೆಳಸಿದರೂ ಕೃತಿಯು ಆತನ ಅಂತರಂಗವನ್ನು ಬಯಲಿಗೆ ತರುವುದು. ಕೋಲಾರದ ಸೀಮೆಯ ಡಿ. ವಿ. ಗುಂಡಪ್ಪನವರ ಜೀವಿತವೇ ಇದಕ್ಕೆ ನಿದರ್ಶನ.

1887ರ ಮಾರ್ಚಿ 17ರಂದು ಮುಳಬಾಗಿಲಿನಲ್ಲಿ ಜನಿಸಿದ ಇವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಬಂಗಾರಪೇಟೆಯಿಂದ ಕವಲೊಡೆದ ರೈಲುದಾರಿಯು ಕೂಲಿಗಾರರನ್ನು ಚಿನ್ನದ ಗಣಿಗೆ ಕರೆತರುತ್ತಿದ್ದ ಆ ಕಾಲದಲ್ಲಿ, ಇವರೂ ಹೊಟ್ಟೆಪಾಡಿಗಾಗಿ ಗಣಿಯೂರಿನ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಕಾಲ ದುಡಿದರು. ಬಳಿಕ ಬೆಂಗಳೂರನ್ನು ಸೇರಿ ಪತ್ರಿಕಾವೃತ್ತಿಯನ್ನವಲಂಬಿಸಿದರು. ಪ್ರಾಯದಲ್ಲಿಯೇ ಪತ್ನೀವಿಯೋಗವೊದಗಿತು, ಪುನಃ ವಿವಾಹವಾಗಲಿಲ್ಲ.

1943ರಲ್ಲಿ ‘ಮಂಕುತಿಮ್ಮನ ಕಗ್ಗ’ವು ಪ್ರಕಟವಾಯಿತು, ಅದರಲ್ಲಿ 945 ಪದ್ಯಗಳು. ವಚನಕಾರರು ಇಷ್ಟದೈವದ ನಾಮವನ್ನು ಅಂಕಿತವಾಗಿರಿಸಿದರೆ ಇವರು ಮಂಕನೊಬ್ಬನ ಹೆಸರನ್ನಿರಿಸಿದರು. ಆ ಹೆಸರಿನ ಮರೆಯಲ್ಲಿ ಪಂಡಿತನು ಹಿಂದೆ ಸರಿದು, ನೊಂದು ಸಂಶಯಪಟ್ಟು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವ ಮನುಷ್ಯನು ಪ್ರಕಟನಾಗುವನು. ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿಯೂ ಆತ್ಮಚರಿತ್ರೆಯನ್ನು ಬರೆಯದೆ, ವೈದಿಕರು, ದಿವಾನರು, ಕಲೋಪಾಸಕರು ಮೊದಲಾದ ಅನ್ಯರನ್ನೇ ಚಿತ್ರಿಸಿದರು. ಆದರೂ ಯಾರಲ್ಲಿ ಯಾವ ಗುಣವನ್ನು ಮೆಚ್ಚಿದರೆಂಬುದರಿಂದಲೇ ಬರೆದವರ ಹೃದಯವು ತಿಳಿಯುವುದು.

1975ರ ಅಕ್ಟೋಬರ್ 7ರಂದು ಅವರು ಕಾಲವಶರಾದರು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಕಗ್ಗದ ಪಠನವಾದರೋ ನಿಂತಿಲ್ಲ. ತನ್ನನ್ನು ಮೆರೆಸದವನ ಬರಹದಲ್ಲಿಯೇ ಓದುಗನು ತನ್ನ ಅಂತರಂಗವನ್ನೂ ಕಾಣುವನಷ್ಟೆ!